ಹಾಡು ಉಳಿದ ನಾಲಿಗೆ

ಪಾರ್ಶ್ವವಾಯು ಬಡಿದ ಮೇಲೆ ಅಪ್ಪನಿಗೆ ನೀರು ಕೇಳಲು ಬರುತ್ತಿರಲಿಲ್ಲ. ನನ್ನನ್ನು ಕರೆಯಲೂ ಬರುತ್ತಿರಲಿಲ್ಲ. ಬಾಯಿ ತೆರೆದರೆ ‘ತ, ತ, ತ’ ಅಂತ ಒಂದೇ ಸದ್ದು. ಆದರೆ ಯಾರಾದರೂ ಕೀರ್ತನೆಯೊಂದರ ಮೊದಲ ಸಾಲು ಎತ್ತಿಕೊಟ್ಟರೆ ಸಾಕು, ಕಡೆಯ ಚರಣದವರೆಗೆ ಒಂದಕ್ಷರ ತಪ್ಪದೆ ಹಾಡಿಬಿಡುತ್ತಿದ್ದ.

ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಕ್ರೈಸ್ತ ಸಭೆಯ ಉಪದೇಶಿಯಾಗಿ ಸೈಕಲ್ ತುಳಿದ ಮನುಷ್ಯ ಅವನು. ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ, ದೇವರ ಚಿತ್ತ ನಮಗೆ ತಿಳಿಯದು, ಕಾಯೋಣ ಅಂತ ಹೇಳುವುದೇ ಅವನ ಕಸುಬು. ನನ್ನ ಗಂಡ ಲಾರಿಗೆ ಸಿಕ್ಕಿ ಸತ್ತಾಗ ನನಗೂ ಅದನ್ನೇ ಹೇಳಿದ. “ಯಾಕೆ ಅಂತ ಕೇಳ್ಬ್ಯಾಡ ಕಣವ್ವ. ಕಾಯಿ.” ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಕೆನ್ನೆಗೆ ಬಾರಿಸಬೇಕು ಅನ್ನಿಸಿತ್ತು. ಅಪ್ಪ ಆದ್ದರಿಂದ ಪಾರಾದ. ಅಲ್ಲಿಂದಾಚೆಗೆ ನಾನು ಕ್ರಿಸ್‌ಮಸ್‌ಗೆ ಬಿಟ್ಟರೆ ಚರ್ಚಿನ ಕಡೆ ತಲೆ ಹಾಕಿದವಳಲ್ಲ.

ಈಗ ಬಟವಾಡಿಯ ನನ್ನ ಬಾಡಿಗೆ ಮನೆಯಲ್ಲಿ, ಬಲಗೈ ಬಲಗಾಲು ಬಿದ್ದುಹೋಗಿ, ಕಿಟಕಿ ಪಕ್ಕದ ಮಂಚದ ಮೇಲೆ ಅವನು ಮಲಗಿದ್ದ. ನನಗೆ ಅವನಿಂದ ಬೇಕಾಗಿದ್ದುದು ಒಂದೇ: ಅವನದೇ ಆದ ಒಂದು ಮಾತು. ಇಷ್ಟಾದ ಮೇಲೂ ಆ ದೇವರನ್ನು ನಂಬುತ್ತೀಯಾ ಅಂತ ಕೇಳಿದರೆ ಹೌದು ಅನ್ನಲಿ, ಇಲ್ಲ ಅನ್ನಲಿ, ಬೇಕಾದರೆ ನನ್ನನ್ನೇ ಬಯ್ಯಲಿ. ತಲೆಯಾಡಿಸುವುದನ್ನು ನಂಬುವ ಹಾಗಿರಲಿಲ್ಲ. ಕಾಫಿ ಬೇಕಾ ಅಂದರೂ ಆಡಿಸುತ್ತಿದ್ದ, ಬೇಡವಾ ಅಂದರೂ ಆಡಿಸುತ್ತಿದ್ದ.

ಸ್ಪೀಚ್ ಥೆರಪಿಯ ಹುಡುಗಿ ಕ್ಲಿನಿಕ್ಕಿನಲ್ಲಿ ಬಿಡಿಸಿ ಹೇಳಿದಳು. “ತಲೇಲಿ ಮಾತು ಒಂದ್ ಕಡೆ ಇರುತ್ತೆ ಆಂಟಿ, ಹಾಡು ಇನ್ನೊಂದ್ ಕಡೆ. ಮಾತಿನ ಕಡೆ ಏಟು ಬಿದ್ದಿದೆ. ತುಂಬಾ ಜನಕ್ಕೆ ಹಿಂಗೇ ಆಗುತ್ತೆ.” ಆ ಹಾಡಿನ ದಾರಿಯಲ್ಲೇ ಮಾತನ್ನು ವಾಪಸ್ ತರಬಹುದಂತೆ. ಅಪ್ಪನ ಎಡಗೈ ತಟ್ಟುತ್ತಾ ‘ನೀರು ಬೇಕು’ ಅನ್ನುವುದನ್ನು ರಾಗವಾಗಿ ಹೇಳಿಸಬೇಕು. ದಿನಾ ಹೇಳಿಸಬೇಕು, ಮೊದಲ ತಿಂಗಳುಗಳನ್ನು ಕಳೆದುಕೊಳ್ಳಬಾರದು.

ಸಭೆಯವರಿಗೆ ಇದನ್ನೆಲ್ಲ ಕೇಳುವ ವ್ಯವಧಾನ ಎಲ್ಲಿ? ನಮ್ಮ ಪಾಸ್ಟರ್ ಅಯ್ಯನವರು ಅಪ್ಪನ ಹಾಡು ಕೇಳಿದವರೇ ಮಂಚದ ಪಕ್ಕ ಮೊಣಕಾಲೂರಿದರು. “ಮಾತು ಹೋದ್ರೂ ಸ್ತುತಿ ಬಿಟ್ಟಿಲ್ಲ ನೋಡಮ್ಮ! ಇದಪ್ಪ ಸಾಕ್ಷಿ ಅಂದ್ರೆ!” ಅಂದರು. ನನ್ನ ಬಾಯಿ ಸುಮ್ಮನಿರಲಿಲ್ಲ. “ಹಂಗಾದ್ರೆ ನಿಮ್ ದೇವ್ರು ತನ್ ಪಾಲು ಉಳಿಸ್ಕೊಂಡು ನಮ್ ಪಾಲು ಕಿತ್ಕೊಂಡ ಅನ್ನಿ” ಅಂದೆ. ಅಯ್ಯನವರು ನನಗಾಗಿಯೂ ಪ್ರಾರ್ಥನೆ ಮಾಡಿದರು. ಸಾಕಷ್ಟು ಉದ್ದವಾಗಿಯೇ ಮಾಡಿದರು.

ಅಪ್ಪನ ಹಾಡು ಮೊಬೈಲಿಂದ ಮೊಬೈಲಿಗೆ ಹರಿದಾಡಿತು. ಭಾನುವಾರ ಆರಾಧನೆ ಮುಗಿಯುತ್ತಿದ್ದ ಹಾಗೆ ಜನ ಬರತೊಡಗಿದರು. ಗುಬ್ಬಿಯಿಂದ ಬಂದರು, ಕುಣಿಗಲ್ಲಿಂದ ಬಂದರು, ಹುಲಿಯೂರುದುರ್ಗದವರು ಟೆಂಪೋ ಮಾಡಿಕೊಂಡು ಬಂದರು. ಬ್ರೆಡ್ಡು, ಕಿತ್ತಳೆ ಹಣ್ಣು ಇಟ್ಟು, ಒಂದು ಸಾಲು ಎತ್ತಿಕೊಡುವುದು. ನಲ್ಲಿ ತಿರುಗಿಸಿದ ಹಾಗೆ ಅಪ್ಪ ಹಾಡುವುದು. ಅವರು ಅಳುವುದು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ. ಒಬ್ಬ ಹೆಂಗಸಂತೂ ನನ್ನ ಕೈ ಹಿಡಿದುಕೊಂಡು, “ಸತ್ತೋಗಿದ್ರೆ ದೇವ್ರಿಗೆ ಇಷ್ಟು ಮಹಿಮೆ ಬತ್ತಿರ್ಲಿಲ್ಲ ಬುಡವ್ವ” ಅಂದಳು. ಅವಳ ಲೆಕ್ಕದಲ್ಲಿ ಅದು ಸಮಾಧಾನದ ಮಾತು.

ಒಂದು ಭಾನುವಾರ ಹಾಡಿನ ಮಧ್ಯೆ ನನ್ನ ಮೂಗಿಗೆ ವಾಸನೆ ಬಡಿಯಿತು. ಡೈಪರ್ ತುಂಬಿ ಹಾಸಿಗೆಗೆ ಸೋರಿತ್ತು. ಅಪ್ಪನಿಗೂ ಗೊತ್ತಾಗಿತ್ತು, ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೆ ಹಾಡು ನಿಲ್ಲಿಸಲು ಅವನಿಗೆ ಬರುತ್ತಿರಲಿಲ್ಲ. ಶುರುವಾದದ್ದು ಮುಗಿದೇ ನಿಲ್ಲಬೇಕು. ಆ ಕಣ್ಣೀರು ನೋಡಿ ಜನ ಕೈಯೆತ್ತಿ ಸ್ತೋತ್ರ ಹೇಳತೊಡಗಿದರು.

“ಎದ್ದೋಗ್ರಿ ಎಲ್ಲಾ!” ಅಂತ ಕಿರುಚಿದೆ. “ಟೆಂಟ್ ಸಿನ್ಮಾ ಅಂದ್ಕೊಂಡಿದೀರಾ? ಅವ್ನು ಹೇಲ್ಕೊಂಡವ್ನೆ, ನೀವು ಆಮೆನ್ ಅಂತಿದೀರ!”

ಎದ್ದು ಹೋದರು. ಅಂಗಳದಲ್ಲಿ ಚಪ್ಪಲಿ ಹುಡುಕಿಕೊಳ್ಳುತ್ತಾ ಯಾರೋ, ಇವಳ ಅವಿಶ್ವಾಸದಿಂದಲೇ ಉಪದೇಶಿಗಳಿಗೆ ಗುಣವಾಗುತ್ತಿಲ್ಲ ಅಂದದ್ದು ಕೇಳಿಸಿತು. ಮರುವಾರದಿಂದ ಪ್ರತಿ ಭಾನುವಾರ ಗೇಟಿಗೆ ಬೀಗ ಜಡಿದೆ. ಗೆದ್ದೆ ಅನ್ನಿಸಿತ್ತು.

ಆಮೇಲೆ ಮನೆಯಲ್ಲಿ ಅವನು, ನಾನು, ಥೆರಪಿ. ಎಡಗೈ ತಟ್ಟಿ ತಟ್ಟಿ ನನ್ನ ಕೈಯೇ ನೋಯುತ್ತಿತ್ತು. ಕಡೆಗೂ ಒಂದು ದಿನ ‘ನೀರು ಬೇಕು’ ಬಂತು. ಬಂದದ್ದು ಗಿಳಿಪಾಠ. ಬಾಯಾರಿದ್ದರೂ ಇಲ್ಲದಿದ್ದರೂ ನಾನು ಕೈ ಮುಟ್ಟಿದ ಕೂಡಲೇ ಅದೇ ರಾಗದಲ್ಲಿ ಅದೇ ಮಾತು. “ಈಗ್ಲೂ ನಂಬ್ತೀಯಾ ಅಪ್ಪ ಅವನ್ನ?” ಅಂತ ಕೇಳಿದೆ. “ನೀರು ಬೇಕು” ಅಂದ. ನಗು ಬಂತು, ಜೋರಾಗಿಯೇ ನಕ್ಕೆ. ಲೋಟ ಬಾಯಿಗೆ ಹಿಡಿದರೆ ಕುಡಿಯಲಿಲ್ಲ.

ಇನ್ನೊಂದು ಭಾನುವಾರ ಮಧ್ಯಾಹ್ನ ಗೇಟಿನ ಮುಂದೆ ಆಟೋ ನಿಂತಿತು. ಬಿಳಿ ಸೀರೆಯ ಇಬ್ಬರು ಮುದುಕಿಯರು ಇಳಿದು, ಬೀಗ ನೋಡಿ, ಮತ್ತೆ ಹತ್ತಿ ಹೊರಟುಹೋದರು. ಅಪ್ಪ ಕಿಟಕಿಯಿಂದ ಎಲ್ಲವನ್ನೂ ನೋಡಿದ. ನಾನು ಸ್ಟೂಲ್ ಎಳೆದುಕೊಂಡು ಕೂತು ಅವನ ಎಡಗೈ ಹಿಡಿದೆ. ಕಿತ್ತುಕೊಂಡ. ಆ ಕೈಯಿಂದ ಮಂಚದ ಕಂಬಿಯನ್ನು ತಾನೇ ತಟ್ಟುತ್ತಾ, ತಡವರಿಸುತ್ತಾ, ಅದೇ ರಾಗದಲ್ಲಿ ಹೇಳಿದ.

“ಜನ... ಬೇಕು.”

ಯಾರೂ ಹೇಳಿಕೊಟ್ಟದ್ದಲ್ಲ. ಅವನದೇ ಮಾತು. ನನಗೆ ಮೊದಲು ಆದದ್ದು ಬರೀ ಸಂತೋಷ. “ಏನಂದೆ? ಇನ್ನೊಂದ್ ಸಲ ಹೇಳಪ್ಪ!” ಅಂದೆ. ಹೇಳಿದ. ಆಗ ಅರ್ಥವಾಯಿತು. ಅವರ ಮುಂದೆ ತನ್ನ ಮಾನ ಹೋದದ್ದು ಅವನಿಗೆ ಗೊತ್ತಿತ್ತು. ಆದರೂ ಅವನಿಗೆ ಅವರೇ ಬೇಕಾಗಿದ್ದರು, ಅವರ ಆಮೆನ್ ಬೇಕಾಗಿತ್ತು. ನಂಬುತ್ತೀಯಾ ಅಂತ ನಾನು ಪೀಡಿಸುತ್ತಿದ್ದ ಪ್ರಶ್ನೆಗೆ ಉತ್ತರವೂ ಅದೇ ಇರಬೇಕು.

“ನಾನಿದೀನಲ್ಲ ಅಪ್ಪ,” ಅಂದೆ. “ನಾನು ಜನ ಅಲ್ವಾ?”

ನನ್ನ ಮುಖ ನೋಡಿದ. ಆಮೇಲೆ ಗೇಟಿನ ಕಡೆ ತಿರುಗಿ, ಕಂಬಿ ತಟ್ಟುತ್ತಾ, ಮತ್ತೆ ಅದನ್ನೇ ಹೇಳಿದ.