ಹೆಳವ ಹೇಳಿದ ಹೆಸರು

ಮಕ್ಕಳೆಷ್ಟು ಎಂದು ಯಾರು ಕೇಳಿದರೂ ಗಿರಿಜಮ್ಮ ‘ಇಬ್ಬರು’ ಎಂದುಬಿಡುತ್ತಿದ್ದಳು. ಐವತ್ತು ವರ್ಷ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಸುಳ್ಳು ಅದು. ಮಗ ಸತ್ಯಪ್ರಕಾಶ ಸೂರತ್ತಿನ ಹತ್ತಿರದ ಹಜೀರಾದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್, ಅಲ್ಲೇ ಕಂಪನಿ ಕಾಲೊನಿಯಲ್ಲಿ ಸಂಸಾರ. ಮಗಳು ವಿಮಲಾಳನ್ನು ಸೊಲ್ಲಾಪುರಕ್ಕೆ ಕೊಟ್ಟಿದೆ. ಇಷ್ಟು ಕೇಳಿದ ಮೇಲೆ ಜನ ತೃಪ್ತರಾಗಿ ಬೇರೆ ಮಾತಿಗೆ ಹೋಗುತ್ತಿದ್ದರು.

ಮೊನ್ನೆ ಅದೇ ಪ್ರಶ್ನೆ ಕೇಳಿದ್ದು ಸತ್ಯಪ್ರಕಾಶನ ಮಗಳು ಧನುಶ್ರೀ. ವಡೋದರಾದಲ್ಲಿ ಕಾಲೇಜು ಓದುತ್ತ ಅಲ್ಲಿನ ಗೋರ್ವಾ ಬಡಾವಣೆಯ ಮನೆಯಲ್ಲಿ ಅಜ್ಜಿಯ ಜೊತೆಗಿರುವ ಹುಡುಗಿ. ಹೋದ ವರ್ಷ ಅಜ್ಜ ಚನ್ನಬಸಪ್ಪ ತೀರಿಕೊಂಡಾಗ, ಅಜ್ಜನ ಅಪ್ಪನ ಹೆಸರು ಕೂಡ ತನಗೆ ಗೊತ್ತಿಲ್ಲವಲ್ಲ ಎಂದು ಹೊಳೆದು, ಮನೆತನದ ಚರಿತ್ರೆ ಕೂಡಿಸುವ ಹುಚ್ಚು ಹತ್ತಿಸಿಕೊಂಡಿದ್ದಳು. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ವಂಶವೃಕ್ಷ ಬರೆಯುತ್ತಿದ್ದಳು.

“ಆಯಿ, ನಿಂಗೆ ಟೋಟಲ್ ಎಷ್ಟು ಬಚ್ಚೆ?” ಎಂದಳು. ಅವಳ ಕನ್ನಡ ಇರುವುದೇ ಹಾಗೆ.

“ನಿಮ್ಮಪ್ಪ, ನಿಮ್ಮತ್ತಿ. ಮತ್ಯಾರು?”

ಧನುಶ್ರೀ ಎರಡು ಹೆಸರು ಬರೆದು ಪೆನ್ನಿನ ಮುಚ್ಚಳ ಹಾಕಿದಳು. ಗಿರಿಜಮ್ಮನಿಗೆ ಅವತ್ತು ಊಟ ಸೇರಲಿಲ್ಲ. ಬಾಯಲ್ಲಿ ಹೇಳಿದ ಸುಳ್ಳು ಗಾಳಿಗೆ ಹೋಗುತ್ತದೆ, ಗೋಡೆಯ ಮೇಲಿನದು ಹೋಗುತ್ತದೆಯೇ?

ಚೊಚ್ಚಲ ಮಗ ಗುರುಶಾಂತ. ವಿಜಯಪುರ ಜಿಲ್ಲೆಯಿಂದ ಮದುವೆಯಾಗಿ ವಡೋದರಾಕ್ಕೆ ಬಂದು, ಗುಜರಾತಿಯ ಗಂಧಗಾಳಿಯಿಲ್ಲದೆ ಬಾಡಿಗೆ ಕೋಣೆಯಲ್ಲಿ ಕೂತಿರುತ್ತಿದ್ದ ಗಿರಿಜಮ್ಮನಿಗೆ ಆ ಕೂಸೇ ಊರು, ಕೂಸೇ ತವರು. ಅಪ್ಪನ ಡ್ಯೂಟಿಯ ಬೂಟಿನಲ್ಲಿ ಪುಟ್ಟ ಕಾಲಿಟ್ಟು ದರದರ ಎಳೆಯುತ್ತ ಓಣಿ ಸುತ್ತುತ್ತಿತ್ತು. ನಾಲ್ಕು ತುಂಬಿದ ಮಳೆಗಾಲದಲ್ಲಿ ಜ್ವರ ಬಂತು. ಚನ್ನಬಸಪ್ಪ ಕಾರ್ಖಾನೆಯಲ್ಲಿ ಫಿಟರ್, ಅವತ್ತು ಸೆಕೆಂಡ್ ಶಿಫ್ಟು. ಶಿಫ್ಟು ಬಿಟ್ಟು ಮನೆಗೆ ಬರುವಷ್ಟರಲ್ಲಿ ಮಗುವಿನ ಮೈ ತಣ್ಣಗಾಗಿತ್ತು. “ನೀವು ಹೊತ್ತಿಗೆ ಬಂದಿದ್ರ ನನ್ನ ಕೂಸು ಉಳೀತಿತ್ತು” ಎಂದು ಗಿರಿಜಮ್ಮ ಓಣಿಯ ಜನರೆದುರು ಚೀರಿದ್ದಳು. ಅದೊಂದೇ ಸಲ. ವಿಶ್ವಾಮಿತ್ರಿ ನದಿಯ ದಂಡೆಯಲ್ಲಿ ಮಣ್ಣು ಮಾಡಿ ಬಂದ ಚನ್ನಬಸಪ್ಪ ಮಗುವಿನ ಅಂಗಿ, ಆಟಿಕೆ ಎಲ್ಲವನ್ನೂ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟ. “ಇನ್ನ ಈ ಮನ್ಯಾಗ ಆ ಹೆಸರು ಎತ್ತಬ್ಯಾಡ” ಎಂದ. ಅವನ ಕಣ್ಣಿಗೆ ಬೀಳದೆ ಗಿರಿಜಮ್ಮನ ಹತ್ತಿರ ಉಳಿದದ್ದು ಒಂದು ಬೆಳ್ಳಿಯ ಉಡದಾರ.

ಅಲ್ಲಿಗೆ ಅವಳು ಇನ್ನೊಂದನ್ನೂ ಕಳೆದುಕೊಂಡಳು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ವಾಡಿಕೆ ಅವರಲ್ಲಿಲ್ಲ. ನಾಲ್ಕು ವರ್ಷ ‘ಗುರುಶಾಂತನ ಅಪ್ಪ’ ಎಂದು ಕರೆದಿದ್ದಳು. ಮಗನ ಹೆಸರು ಹೋದಮೇಲೆ ಗಂಡನನ್ನು ಕರೆಯಲು ಹೆಸರೇ ಇಲ್ಲದಾಯಿತು. ಮುಂದೆ ಸತ್ಯಪ್ರಕಾಶ ಹುಟ್ಟಿದರೂ ‘ಸತ್ಯಪ್ರಕಾಶನ ಅಪ್ಪ’ ಎನ್ನಲು ನಾಲಿಗೆ ಹೊರಳಲಿಲ್ಲ. ಬದುಕಿನುದ್ದಕ್ಕೂ ಬರೀ ‘ರೀ’. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಪಾಸ್‌ಬುಕ್ ಮುಂದೆ ಹಿಡಿಯುತ್ತಿದ್ದಳು. ಆ ಗುಮಾಸ್ತರು ಇವಳನ್ನು ಮೂಗಿ ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಚನ್ನಬಸಪ್ಪನ ಮೇಲೆ ಅವಳಿಗೆ ಸಿಟ್ಟಿತ್ತು. ಅಡುಗೆ ಮಾಡಿ ಬಡಿಸಿದಳು, ಕಾಯಿಲೆಯಲ್ಲಿ ಕೈಹಿಡಿದು ನಡೆಸಿದಳು, ಆದರೆ ಒಳಗಿನ ಸಿಟ್ಟು ಇಳಿಯಲಿಲ್ಲ. ಹೆತ್ತ ಮಗನನ್ನು ಒರೆಸಿಹಾಕಿದ ಮನುಷ್ಯ! ಅದರ ಮೇಲೆ, ಎರಡು ಮೂರು ವರ್ಷಕ್ಕೊಮ್ಮೆ ಸುಗ್ಗಿಯ ಹೊತ್ತಿಗೆ ಒಬ್ಬನೇ ಊರಿಗೆ ಹೊರಟುಬಿಡುತ್ತಿದ್ದ. ತಮ್ಮ ನೋಡಿಕೊಳ್ಳುವ ಹೊಲದಲ್ಲಿ ಇವನಿಗೇನು ಕೆಲಸ? “ನಿಮಗ ಮನೀಗಿಂತ ಹೊಲಾನ ಹೆಚ್ಚಾತು” ಎಂದು ಜಗಳ ತೆಗೆದರೆ, ಬ್ಯಾಗು ಹೆಗಲಿಗೇರಿಸಿ ಹೋಗುತ್ತಿದ್ದ.

ಧನುಶ್ರೀ ಊರಿನ ಚಿಕ್ಕಜ್ಜನಿಗೆ ಫೋನ್ ಮಾಡಿ ಹಿಂದಿನವರ ಹೆಸರು ಕೇಳಿದಾಗ ಅವರು ನಕ್ಕು, “ನಂಗೇನ್ ಗೊತ್ತವ್ವ, ನಮ್ಮ ಮನಿ ಹೆಳವನ್ನ ಕೇಳು” ಎಂದು ಒಂದು ನಂಬರು ಕೊಟ್ಟರು. ಮನೆಮನೆಗೆ ಬಂದು ಆಯಾ ಮನೆತನದ ಪೀಳಿಗೆಯನ್ನು ಬಾಯಿಪಾಠವಾಗಿ ಹಾಡಿ, ಹೊಸದಾಗಿ ಹುಟ್ಟಿದವರನ್ನೂ ಸತ್ತವರನ್ನೂ ಅದಕ್ಕೆ ಸೇರಿಸಿಕೊಂಡು ಹೋಗುವವರು ಹೆಳವರು. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗಿನ ಹೆಳವ ದುರಗಪ್ಪನ ಹತ್ತಿರ ಮೊಬೈಲಿದೆ. “ಸೂರತ್ತಿಗೆ, ಅಹಮದಾಬಾದಿಗೆ ನಮ್ಮ ಒಕ್ಕಲು ಮನೆತನದಾವ್ರು ಹೋಗ್ಯಾರ್ರಿ, ಹೆಂಗೂ ಬರಾಂವ ಇದ್ದೀನಿ, ನಿಮ್ಮಲ್ಲಿಗೂ ಬರ್ತೀನಿ” ಎಂದ.

ಅವನು ಬರುತ್ತಾನೆಂದು ತಿಳಿದಾಗಿನಿಂದ ಗಿರಿಜಮ್ಮನಿಗೆ ಒಂದೇ ಯೋಚನೆ. ಗುರುಶಾಂತನ ಹೆಸರನ್ನು ಪೀಳಿಗೆಯಲ್ಲಿ ಸೇರಿಸಬೇಕು. ತಡೆಯುವವನು ಈಗಿಲ್ಲ. ಆದರೆ ಮದುವೆಯಾಗದೆ ಹೋದ ಕೂಸಿನ ಹೆಸರನ್ನು ಹೆಳವರು ಹಿಡಿಯುವುದಿಲ್ಲವೆಂದು ಅತ್ತೆ ಹೇಳಿದ್ದು ನೆನಪಿತ್ತು. ಒಪ್ಪದಿದ್ದರೆ ಕಾಲು ಹಿಡಿಯುವುದು ಎಂದುಕೊಂಡು, ಕಾಣಿಕೆಯೆಂದು ಉಡದಾರ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಅವಳು ಸತ್ತರೆ ಆ ಮಗು ಈ ಭೂಮಿಯ ಮೇಲಿತ್ತು ಎಂದು ತಿಳಿದವರು ಯಾರೂ ಉಳಿಯುವುದಿಲ್ಲ. ಮಣ್ಣು ಮಾಡಿದ ಜಾಗದ ಗುರುತೂ ಈಗ ಸಿಗುವುದಿಲ್ಲ.

ದುರಗಪ್ಪ ಬೆಳಿಗ್ಗೆಯೇ ಬಂದ. ಪೇಟ, ಕೋಟು, ಕೈಯಲ್ಲಿ ಗಂಟೆ ಕಂಡು ಸೊಸೈಟಿಯ ವಾಚ್‌ಮನ್ ಒಳಗೆ ಬಿಡಲಿಲ್ಲ. ಎದುರುಮನೆಯ ಗುಜರಾತಿ ಹೆಂಗಸು, “ಅರೆ, ಆ ತೊ ಬಾರೋಟ್ ಛೆ!” ಎಂದು ತನ್ನವರ ವಂಶ ಹೇಳುವ ಬಾರೋಟರನ್ನೇ ಕಂಡಷ್ಟು ಸಂಭ್ರಮದಿಂದ ಗೇಟು ತೆಗೆಸಿದಳು. ಹೊಸಿಲ ಹೊರಗೆ ನಿಂತು ಗಂಟೆ ಬಾರಿಸಿ ದುರಗಪ್ಪ ಶುರುಮಾಡಿದ. ಧನುಶ್ರೀ ಮೊಬೈಲ್ ಹಿಡಿದು ರೆಕಾರ್ಡ್ ಮಾಡುತ್ತಿದ್ದಳು.

ಬರದಲ್ಲಿ ದನ ಹೊಡೆದುಕೊಂಡು ಬಂದು ಊರು ಕಟ್ಟಿದ ಮಲ್ಲಪ್ಪ, ಅವನ ಮಗ ಬಾವಿ ತೋಡಿಸಿದ ಬಸಲಿಂಗಪ್ಪ, ಎಂದು ಒಂದೊಂದೇ ತಲೆಮಾರು ಇಳಿದು ಬಂತು. ಮೊದಲು ಇವನು ಮುಗಿಸಲಿ, ಆಮೇಲೆ ಕೇಳಿದರಾಯಿತು ಎಂದು ಗಿರಿಜಮ್ಮ ಸೆರಗಿನ ಗಂಟು ಬಿಗಿಹಿಡಿದು ನಿಂತಿದ್ದಳು.

“ಸಂಗಪ್ಪನ ಹಿರೇಮಗ ಚನ್ನಬಸಪ್ಪ, ಗುಜರಾತಕ ದುಡಿಯಾಕ ಹೋದಾಂವ. ಚನ್ನಬಸಪ್ಪನ ಹೊಟ್ಟೀಲೆ ಮೂವರು. ಚೊಚ್ಚಲು ಗುರುಶಾಂತ, ಅಪ್ಪನ ಬೂಟು ಮೆಟ್ಟಿ ಓಣಿ ತುಂಬ ತಿರಗಿದಾಂವ, ಅಪ್ಪ ಹೊತ್ತಿಗೆ ಬರದ ದಿನ ಹೋದಾಂವ...”

ಗಿರಿಜಮ್ಮನಿಗೆ ಕೇಳಿದ್ದು ನಿಜವೋ ತನ್ನ ತಲೆ ಕೆಟ್ಟಿತೋ ತಿಳಿಯಲಿಲ್ಲ.

“ಏನಂದ್ರಿ? ಆ ಹೆಸರು ನಿಮಗ ಯಾರು ಹೇಳಿದ್ರು?”

“ನಿಮ್ಮ ಮನಿ ಸಾವಕಾರ್ರ ಹೇಳ್ಯಾರ್ರಿ ಅವ್ವಾರ. ನಾ ಸಣ್ಣಾಂವ ಇದ್ದೆ, ಕೂಸು ಹೋದ ವರ್ಷಾನ ಬಂದಿದ್ರು. ನಮ್ಮಪ್ಪ ಒಲ್ಲೆ ಅಂದ, ಕೂಸಿನ ಹೆಸರು ಪೀಳಿಗ್ಯಾಗ ಹಿಡ್ಯಾಂಗಿಲ್ಲ ಅಂದ. ಸಾವಕಾರ್ರು ನಮ್ಮ ಗುಡಾರದ ಮುಂದ ಉಣಲಾರದ ಕುಂತಬಿಟ್ರು. ಹೊತ್ತಿಗೆ ಬರದ ಮಾತೂ ಹಾಡಿನ್ಯಾಗ ಇರಲೇಬೇಕು ಅಂತ ಹಟ ಹಿಡದ್ರು. ಕಡೀಗೆ ನಮ್ಮಪ್ಪನ ಸೋತ.”

“ಆಮ್ಯಾಲೆ?”

“ಆಮ್ಯಾಲೆ ಸುಗ್ಗ್ಯಾಗ ನಾವು ಊರಿಗೆ ಬಂದಾಗೆಲ್ಲ ಸುದ್ದಿ ಮುಟ್ಟಸ್ತಿದ್ವಿ. ಬರ್ತಿದ್ರು. ಟೊಪಗಿ ತಗದು ಕೈಯಾಗ ಹಿಡದು ನಿಂತು ಕೇಳ್ತಿದ್ರು. ‘ಇನ್ನೊಮ್ಮೆ ಅನ್ನೋ ದುರಗಪ್ಪ’ ಅಂತಿದ್ರು.”

ತಾನು ಚೀರಿದ ಆ ಒಂದು ಮಾತನ್ನು ಗಂಡ ಐವತ್ತು ವರ್ಷ ಹೊತ್ತು, ಹಾಡಿಸಿ ಹಾಡಿಸಿ ಕೇಳಿದ್ದ. ಸಿಟ್ಟು ಮಾಡಿಕೊಳ್ಳಲು ಗಿರಿಜಮ್ಮನಿಗೆ ಇನ್ನು ಯಾರೂ ಇರಲಿಲ್ಲ. ಸಮಾಧಾನ ಹೇಳಲೂ ಯಾರೂ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಅತ್ತಿದ್ದರಲ್ಲ ಎಂದು ಅವಳ ಎದೆ ಒಡೆದುಹೋಯಿತು. ಸೆರಗಿನ ಗಂಟು ಬಿಚ್ಚಿ ಉಡದಾರ ಮುಂದೆ ಹಿಡಿದಳು.

ದುರಗಪ್ಪ ಕೈ ಹಿಂದೆ ತೆಗೆದ. “ಆ ಹೆಸರಿನ ಕಾಣಿಕಿ ಮುಟ್ಟೇತ್ರಿ. ಅವಾಗ ಒಂದು ಹೋರಿಗರ ಕೊಟ್ಟಾರ. ಇದು ನಿಮ್ಮ ಹತ್ರಾನ ಇರ್ಲಿ.”

“ಆಯಿ,” ಎಂದಳು ಧನುಶ್ರೀ ಮೆಲ್ಲಗೆ, “ಗುರುಶಾಂತ ಯಾರು?”

“ನಿಮ್ಮ ದೊಡ್ಡಪ್ಪ.”

ನಾಲ್ಕು ವರ್ಷದ ದೊಡ್ಡಪ್ಪ. ಹುಡುಗಿ ಅಜ್ಜಿಯ ಹತ್ತಿರ ಬಂದು ನಿಂತಳು.

ದುರಗಪ್ಪ ಪೇಟ ಸರಿಮಾಡಿಕೊಂಡ. “ಅವ್ವಾರ, ಈಗ ಸಾವಕಾರ್ರನ್ನ ಹಿರೇರ ಸಾಲಿಗೆ ಸೇರಸ್ಬೇಕು. ಹೋದವರ ಹೆಸರು ಮನೀ ಮಂದಿ ಬಾಯಿಂದ ಬರಬೇಕ್ರಿ, ಅದು ನಮ್ಮ ಪದ್ಧತಿ. ನೀವು ಹೇಳಾಂಗಿಲ್ಲ ಅಂತ ಗೊತ್ತೈತಿ. ಮೊಮ್ಮಗಳು ಹೇಳ್ಲಿ.”

ಧನುಶ್ರೀ ಬಾಯಿ ತೆರೆಯುವಷ್ಟರಲ್ಲಿ ಗಿರಿಜಮ್ಮ ಅವಳ ತೋಳು ಹಿಡಿದು ತಡೆದಳು. ಉಡದಾರವನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಹೊಸಿಲು ದಾಟಿ ಹೊರಗೆ ಬಂದು ಹೆಳವನೆದುರು ನಿಂತಳು.

“ಗುರುಶಾಂತನ ಅಪ್ಪ,” ಎಂದಳು. ಮತ್ತೆ ಹೇಳಿದಳು. “ಗುರುಶಾಂತನ ಅಪ್ಪ, ಚನ್ನಬಸಪ್ಪ.”