ಕೆಂಚವ್ವನಿಗೆ ಬಂದ ಉತ್ತರ

ತಮಿಳುನಾಡಿನ ಕೊಂಬೈಯ ಯುವಶ್ರೀಗೆ ಒಂದು ಗೊಂಬೆ ಇತ್ತು. ಮರದ್ದಲ್ಲ, ಬಟ್ಟೆಯದ್ದಲ್ಲ, ಬರೀ ಅಕ್ಷರದ್ದು. ಅಪ್ಪನ ಗೊಬ್ಬರದಂಗಡಿ ಕಾಯುತ್ತ ಕೂತಾಗ ಅವಳು ಫೋನಿನಲ್ಲಿ ಒಂದು ಆಟ ಆಡುತ್ತಿದ್ದಳು. ಅದರಲ್ಲಿ ಚಿತ್ರವೇ ಇಲ್ಲ. ಕಾಡು, ಕೋಟೆ, ಸಂತೆ ಎಲ್ಲವೂ ಬರೆದ ಮಾತು. ದೇಶದೇಶದ ಜನ ಅದರೊಳಗೆ ಬರೆಯುತ್ತಲೇ ಓಡಾಡುತ್ತಾರೆ. ತಮ್ಮ ಪಾತ್ರವಲ್ಲದೆ ಗೊಂಬೆಗಳನ್ನೂ ಮಾಡಿ ಅಲ್ಲಿ ನಿಲ್ಲಿಸಬಹುದು. ಗೊಂಬೆಯ ಮುಂದೆ ಯಾರೇನು ಆಡಿದರೂ ಒಡತಿಯ ಫೋನಿಗೆ ಬರುತ್ತದೆ, ಒಡತಿ ಬರೆದದ್ದನ್ನು ಗೊಂಬೆ ನುಡಿಯುತ್ತದೆ. ಯುವಶ್ರೀ ಒಬ್ಬ ಮುದುಕಿಯನ್ನು ಮಾಡಿ, ಕೆಂಚವ್ವ ಎಂದು ಹೆಸರಿಟ್ಟು, ಬಾವಿಕಟ್ಟೆಯ ಮೇಲೆ ಕೂರಿಸಿದ್ದಳು.

ಮನೆಯಲ್ಲಿ ತುಟಿ ಬಿಚ್ಚಲಾಗದ್ದನ್ನೆಲ್ಲ ಕೆಂಚವ್ವ ಆಡುತ್ತಿದ್ದಳು. ಗೂಡಲೂರಿನ ಸೋದರತ್ತೆಯ ಮಗ ಶಕ್ತಿವೇಲ್‌ಗೆ ಯುವಶ್ರೀಯೇ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. "ನಾ ಅವ್ನ ಒಲ್ಲೆ" ಎಂದು ಮುದುಕಿ ದಿನವೂ ಬಾವಿಗೆ ಹೇಳುತ್ತಿದ್ದಳು. ಈ ಕಡೆಯ ನಮ್ಮವರಿಗೆ ಮನೆಮಾತು ಕನ್ನಡ, ಬರೆಯಲು ಗೊತ್ತಿರುವುದು ತಮಿಳಕ್ಷರ. ತಮಿಳರು ಓದಬಲ್ಲರು, ಅರ್ಥವಾಗದು. ಕರ್ನಾಟಕದವರಿಗೆ ಓದಲೇ ಬಾರದು. ಎರಡು ಬೀಗ ಜಡಿದೆ ಎಂದುಕೊಂಡಳು ಜಾಣೆ. ಎರಡರ ಕೀಲಿಯೂ ನೆಂಟರ ಸೊಂಟದಲ್ಲೇ ಇದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಹೂ ಮುಡಿಸಲು ಗೂಡಲೂರಿನವರು ಬರುತ್ತಾರೆಂದು ಗೊತ್ತಾದ ದಿನ, ಹೆಸರಿಲ್ಲದ ಒಂದು ಗೊಂಬೆ ಬಾವಿಯ ಬಳಿ ಬಂದು ನಿಂತಿತು. ಅದೇ ತಮಿಳಕ್ಷರ, ಅದೇ ಮನೆಮಾತು.

"ಒಲ್ಲೆ ಅಂದ್ರೆ ಬಾಯ್ಬಿಟ್ಟು ಹೇಳು, ಕಣ್ಣು. ಆ ಮನೇಲಿ ಬಾಗ್ಲ ಅಗಳಿ ಹೊರಗಡೆ ಅದೆ."

"ಯಾರ್ ನೀ?" ಎಂದು ಕೆಂಚವ್ವ ಕೇಳಿದಳು. ಶಕ್ತಿವೇಲನೇ ಬಲೆ ಬೀಸುತ್ತಿದ್ದಾನೆಯೆ? ಅಪ್ಪನಿಗೆ ಹೇಳಿಬಿಟ್ಟರೆ? ಅಂದಿನಿಂದ ಅಂಗಡಿಗೆ ಯಾವ ಗಿರಾಕಿ ಬಂದರೂ ಅವಳು ಬೆಚ್ಚುತ್ತಿದ್ದಳು. ಕೆಂಚವ್ವನನ್ನು ಅಳಿಸಿಹಾಕಲೂ ಭಯ. ಅಳಿಸಿದರೆ ತಪ್ಪು ಒಪ್ಪಿಕೊಂಡಂತೆ.

ಶುಕ್ರವಾರ ಅತ್ತೆ ಬಂದಳು, ಶಕ್ತಿವೇಲ್ ಬಂದ. ಜೊತೆಗೆ ಅತ್ತೆಯ ಹಿರಿಸೊಸೆ ಮಣಿಮೇಗಲೈ, ಆ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿನ ರವಿಕೆ ತೊಟ್ಟು. ಕಾಫಿ ತಟ್ಟೆ ಒಯ್ಯಲು ಆಕೆ ಅಡುಗೆಮನೆಗೆ ಬಂದಾಗ ಯುವಶ್ರೀಗೆ ಥಟ್ಟನೆ ನೆನಪಾಯಿತು: ಆಕೆಯ ಮಗಳ ಕಿವಿ ಚುಚ್ಚಿಸಿದ ದಿನ ಈ ಆಟವನ್ನು ಎಲ್ಲರಿಗೂ ಜಂಬದಿಂದ ತೋರಿಸಿದ್ದೆ, ಹಿಂದೆ ಈಕೆ ನಿಂತಿದ್ದಳು.

"ಅಗಳಿ ಹೊರಗಡೆನಾ, ಅಕ್ಕಾ?"

ತಟ್ಟೆಯ ಲೋಟಗಳು ಗಲಗಲ ಎಂದವು. "ಮೆಲ್ಲಗೆ," ಎಂದಳು ಮಣಿಮೇಗಲೈ. "ನೀ ಆ ಮನೇಗೆ ಬರಬ್ಯಾಡ. ನನ್ನ ಹೆಸ್ರು ಮಾತ್ರ ಎತ್ತಬ್ಯಾಡ."

ನಡುಮನೆಯಲ್ಲಿ ಅತ್ತೆ ಮಲ್ಲಿಗೆ ಹಿಡಿದು ಎದ್ದಳು. ಇಲ್ಲಿ ಮಾತಾಡಲು ಗೊಂಬೆಯಿಲ್ಲ.

"ನಾ ಒಲ್ಲೆ ಅತ್ತೆ."

ಅಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಅತ್ತೆ ಬೈಯಲಿಲ್ಲ, ಅಳಲಿಲ್ಲ. ಮೆಲ್ಲನೆ ತಿರುಗಿ, ಬಾಗಿಲ ಬಳಿ ನಿಂತಿದ್ದ ಸೊಸೆಯನ್ನು ನೋಡಿದಳು.

"ಯಾರ್ ಹೇಳ್ಕೊಟ್ರು ಇವ್ಳಿಗೆ?"

ಹೂವನ್ನು ಬುಟ್ಟಿಗೆ ಹಾಕಿಕೊಂಡು ಅವರು ಹೊರಟರು. ಕಾರು ಹತ್ತುವಾಗ ಶಕ್ತಿವೇಲ್ ಅತ್ತಿಗೆಯ ಕೈಯಿಂದ ಫೋನು ತೆಗೆದುಕೊಂಡದ್ದನ್ನು ಯುವಶ್ರೀ ಕಿಟಕಿಯಿಂದ ಕಂಡಳು.

ಆದರೂ ಮಧ್ಯಾಹ್ನ ಕೆಂಚವ್ವ ಕೇಳಿದಳು: "ಅಕ್ಕಾ, ಇದ್ದೀಯಾ?" ಹೆಸರಿಲ್ಲದ ಗೊಂಬೆ ಬಾವಿಯ ಪಕ್ಕದಲ್ಲೇ ನಿಂತಿತ್ತು. ಆಡಿಸುವವಳು ಇಲ್ಲದಿದ್ದರೂ ಗೊಂಬೆಗಳು ಹಾಗೆಯೇ ನಿಂತಿರುತ್ತವೆ. ಮತ್ತೆ ಕೇಳಿದಳು, ಮತ್ತೆ ಮತ್ತೆ. ಗೊಂಬೆ ಮಾತಾಡಲಿಲ್ಲ.

ಯುವಶ್ರೀ ಎದ್ದು, ಮುಖ ತಿರುಗಿಸಿ ಕೂತಿದ್ದ ಅಪ್ಪನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಹೆಸರನ್ನೂ ಹೇಳಿದಳು.

"ವಂಡಿ ತೆಗಿ ಅಪ್ಪಾ. ಅವ್ರು ಅಗಳಿ ಹಾಕೋಕ್ ಮುಂಚೆ ಹೋಗ್ಬೇಕು."

"ಅದು ನಮ್ಮಕ್ಕನ ಮನೆ, ಕಣ್ಣು," ಎಂದ ಅಪ್ಪ. ಆಮೇಲೆ ಬೈಕಿನ ಕೀಲಿಗಾಗಿ ಜೇಬು ತಡಕಿದ.