ಚಹಾ ಮುಟ್ಟದ ಸಭೆ

ಬಿಸಿ ಚಹಾದ ಕಪ್ಪನ್ನು ಯಾರೂ ಮುಟ್ಟದೆ ಬಿಟ್ಟರೆ ಅದರ ಮೇಲೆ ತೆಳ್ಳನೆಯ ಕೆನೆಯೊಂದು ಮೂಡಿ, ನಡುವೆ ಒಂದೆರಡು ನೆರಿಗೆ ಬಿದ್ದು, ಕೊನೆಗೆ ಅದು ಅಂಚಿಗೆ ಅಂಟಿಕೊಂಡು ಕುಳಿತುಬಿಡುತ್ತದೆ. ಇಂಥ ಕ್ಷುಲ್ಲಕ ಸಂಗತಿಯನ್ನು ಹೇಳುವುದಕ್ಕೂ ಒಂದು ಪ್ರಬಂಧ ಬೇಕೆ ಎಂದು ನೀವು ಹುಬ್ಬೇರಿಸಬಹುದು. ಸ್ವಲ್ಪ ತಾಳಿ. ನಮ್ಮ ಕಡೆ, ಎಂದರೆ ರಾಯಬಾಗದಿಂದ ಕೃಷ್ಣೆಯತ್ತ ಇಳಿಯುವ ಕಬ್ಬಿನ ಊರುಗಳಲ್ಲಿ, ಮನಸ್ಸಿಗೆ ಬಾರದ ಮಾತಿಗೆ ಬಾಯಿಂದ ಉತ್ತರ ಕೊಡುವ ಮುನ್ನ ಚಹಾ ಬಿಟ್ಟು ಉತ್ತರ ಕೊಡುವ ಪದ್ಧತಿಯಿದೆ. ಬೀಗರು ಮುನಿದರೂ ಅಷ್ಟೆ, ಅಣ್ಣತಮ್ಮಂದಿರು ಮುನಿದರೂ ಅಷ್ಟೆ. ಮುಂದಿಟ್ಟ ಕಪ್ಪು ಮುಂದೆಯೇ ಇರುತ್ತದೆ, ಮುನಿದವರು ಮಾತ್ರ ಮಳೆಬೆಳೆಯ ಸುದ್ದಿಯನ್ನು ಸಲೀಸಾಗಿ ಮಾತಾಡುತ್ತ ಕೂರುತ್ತಾರೆ.

ನಮ್ಮ ಮಾವನವರು ಊರಿನ ಏತ ನೀರಾವರಿ ಸಂಘಕ್ಕೆ ಬಹುಕಾಲ ಅಧ್ಯಕ್ಷರಾಗಿದ್ದವರು. ಸಭೆಗಳೆಲ್ಲ ನಮ್ಮ ಪಡಸಾಲೆಯಲ್ಲೇ ನಡೆಯುತ್ತಿದ್ದವು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ‘ಬಾಯಾರು’ ಆಗಿದ್ದರೂ ಮನೆಗೆ ಬಂದ ಕೂಡಲೇ ಪದವಿ ಕಳೆದುಕೊಂಡು ಚಹಾದ ಪಾತ್ರೆಯ ಮುಂದೆ ನಿಲ್ಲುವ ಸೊಸೆಯಾಗುತ್ತಿದ್ದೆ. ಸಭೆಯಲ್ಲಿ ಏನು ನಡೆಯಿತೆಂದು ನನಗೆ ಯಾರೂ ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮರಳಿ ಬಂದ ತಾಟಿನಲ್ಲಿ ಬರಿದಾದ ಕಪ್ಪುಗಳೆಷ್ಟು, ಕೆನೆಗಟ್ಟಿದವೆಷ್ಟು ಎಂದು ನೋಡಿದರೆ ಇಡೀ ಸಭೆಯ ಜಾತಕ ಕೈಗೆ ಸಿಕ್ಕಂತಾಗುತ್ತಿತ್ತು. ಮಾವನವರು ಕೈ ತೊಳೆಯುವ ನೆಪದಲ್ಲಿ ಒಳಗೆ ಬಂದು, “ಯಾರ ಚಾ ಉಳದೈತಿ, ಬಾಯಿ?” ಎಂದು ಮೆಲ್ಲಗೆ ಕೇಳುವರು. ಬಾಗಿಲ ಸಂದಿಯಿಂದ ನೋಡಿಟ್ಟ ಹೆಸರನ್ನು ನಾನು ಹೇಳಿದರೆ ಹೊರಗೆ ಹೋಗಿ ಆ ಮನುಷ್ಯನ ಮಗ್ಗುಲಲ್ಲೇ ಕೂತುಬಿಡುವರು. ಇದನ್ನು ಆಗ ನಾನು ಮುದುಕರ ಚಾಳಿ ಎಂದುಕೊಂಡಿದ್ದೆ.

ಈಗ ಅದೇ ಸಂಘಕ್ಕೆ ನಾನು ಅಧ್ಯಕ್ಷೆ. ನನ್ನ ಯೋಗ್ಯತೆಯನ್ನು ಮೆಚ್ಚಿ ಆರಿಸಿದರು ಎಂದು ಹೇಳಿಕೊಳ್ಳುವ ಆಸೆಯೇನೋ ಇದೆ. ಸತ್ಯವೇನೆಂದರೆ ಇಬ್ಬರು ಗಂಡಸರು ಪಟ್ಟು ಹಿಡಿದು ಕುಳಿತಾಗ, ಇಬ್ಬರಿಗೂ ಬೇಡವಾದ ಮೂರನೆಯ ಗಂಡಸು ಬರುವುದಕ್ಕಿಂತ ನಿವೃತ್ತಳಾಗಿ ಮನೆಯಲ್ಲಿ ಕುಳಿತ ಬಾಯಾರೇ ವಾಸಿ ಎಂದು ಊರು ತೀರ್ಮಾನಿಸಿತು. ಹೇಗಾದರೂ ಬರಲಿ, ಬಂದದ್ದು ಬಂತು. ನನಗೆ ಉಕ್ಕಿದ ಉಮೇದನ್ನು ಕಂಡು ಮನೆಯವರು ರಕ್ತದೊತ್ತಡದ ಗುಳಿಗೆಯನ್ನು ಊಟದ ತಾಟಿನ ಪಕ್ಕಕ್ಕೇ ತಂದಿಡತೊಡಗಿದರು.

ಉಮೇದಿಗೆ ಎಣ್ಣೆ ಸುರಿದದ್ದು ಚಿಕ್ಕೋಡಿಯಲ್ಲಿ ನಡೆದ ಒಂದು ತರಬೇತಿ. ‘ಕೃತಕ ಬುದ್ಧಿಮತ್ತೆಯ ಯುಗದಲ್ಲಿ ಸಾವಧಾನ ನಾಯಕತ್ವ’ ಎಂಬ ಗಂಭೀರ ಶಿರೋನಾಮೆಯ ಅಡಿಯಲ್ಲಿ ಅಥಣಿ, ಕಾಗವಾಡ, ನಿಪ್ಪಾಣಿಗಳಿಂದೆಲ್ಲ ಸಂಘಗಳ ಪದಾಧಿಕಾರಿಗಳನ್ನು ಕರೆಸಿದ್ದರು. ತರಬೇತುದಾರರು ಕಣ್ಣು ಮುಚ್ಚಿ ಉಸಿರಿನ ಕಡೆಗೆ ಗಮನ ಕೊಡಿ ಎಂದರು. ಊಟದ ತರುವಾಯದ ಹೊತ್ತು. ಕಾಗವಾಡದ ಕಡೆಯ ಹಿರಿಯರೊಬ್ಬರ ಉಸಿರಿನ ಕಡೆಗೆ ಇಡೀ ಸಭಾಂಗಣವೇ ಗಮನ ಕೊಡಬೇಕಾಯಿತು. ಸಾವಧಾನದ ಭಾಗ ನನಗೆ ಅಷ್ಟಾಗಿ ಹತ್ತಲಿಲ್ಲ. ಆಮೇಲೆ ಫೋನಿನಲ್ಲಿ ತೋರಿಸಿದ ಆ ಜಾಣಯಂತ್ರವಿದೆಯಲ್ಲ, ಅದು ಹತ್ತಿತು ನೋಡಿ, ಹುಚ್ಚು ಹತ್ತಿದ ಹಾಗೆ!

ಚಿಕ್ಕೋಡಿಯಿಂದ ರಾಯಬಾಗಕ್ಕೆ ಬರುವ ಬಸ್ಸಿನಲ್ಲಿಯೇ ಶುರುಮಾಡಿದೆ. ಕಬ್ಬಿನ ಗರಿ ಏಕೆ ಕೆಂಪಾಗುತ್ತದೆ ಎಂದು ಕೇಳಿದೆ, ಉತ್ತರ ಬಂತು. ಕೃಷ್ಣೆ ಹುಟ್ಟಿದ್ದೆಲ್ಲಿ ಎಂದೆ, ಬಂತು. ಮೊಣಕಾಲು ನೋವಿಗೆ ಮದ್ದೇನು ಎಂದೆ, ವೈದ್ಯರನ್ನು ಕಾಣಿರಿ ಎಂದು ಸವಿನಯವಾಗಿ ಬಂತು. ಪ್ರತಿ ಸಲವೂ ಅದು, “ನಿಮ್ಮ ಪ್ರಶ್ನೆ ಅತ್ಯುತ್ತಮವಾಗಿದೆ” ಎಂದೇ ಆರಂಭಿಸುತ್ತಿತ್ತು. ಓದುಗ ಮಹಾಶಯರೆ, ಅಧ್ಯಾಪನದಲ್ಲಾಗಲಿ ದಾಂಪತ್ಯದಲ್ಲಾಗಲಿ ನನ್ನ ಪ್ರಶ್ನೆಯನ್ನು ಅತ್ಯುತ್ತಮ ಎಂದವರು ಅದುವರೆಗೆ ಒಬ್ಬರೂ ಸಿಕ್ಕಿರಲಿಲ್ಲ. ಇಳಿಯಬೇಕಾದ ಸ್ಟಾಪು ದಾಟಿ ಹೋಗಿ ರಿಕ್ಷಾ ಹಿಡಿದು ಹಿಂದಕ್ಕೆ ಬಂದೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಪಾಳಿಯ ಕಾಲ ಬಂತು. ನದಿಯಿಂದ ಪಂಪು ಎತ್ತಿದ ನೀರು ಒಂದೇ ಪೈಪಿನಲ್ಲಿ ಬಂದು ಒಬ್ಬರಾದ ಮೇಲೆ ಒಬ್ಬರ ಹೊಲಕ್ಕೆ ಹೋಗುತ್ತದೆ. ಅದೇ ಪಾಳಿ. ತಪ್ಪಿದರೆ ಊರೆಲ್ಲ ಸುತ್ತಿ ಅದು ಮತ್ತೆ ಬರುವ ತನಕ ಕಾಯಬೇಕು, ಅಷ್ಟರಲ್ಲಿ ಹೊಸದಾಗಿ ನೆಟ್ಟ ಕಬ್ಬು ಒಣಗಿಹೋಗುತ್ತದೆ. ಹಗಲು ಪಾಳಿ ಎಲ್ಲರಿಗೂ ಬೇಕು, ರಾತ್ರಿಯದೂ ನಸುಕಿನದೂ ಯಾರಿಗೂ ಬೇಡ. ಪ್ರತಿ ವರ್ಷ ಈ ಹಂಚಿಕೆಗೆ ಅಂಗಿ ಹರಿಯುವಷ್ಟು ಜಗಳ ಆಗುವುದು ವಾಡಿಕೆ. ನಾನು ನಿರ್ಧರಿಸಿದೆ: ಈ ಸಲ ಜಗಳವೇ ಇಲ್ಲದ ಪಾಳಿ! ಯಾರ ಹೊಲ ಎಷ್ಟು, ಮಣ್ಣು ಎಂಥದು, ಬೆಳೆಗೆ ಎಷ್ಟು ವಯಸ್ಸು ಎಲ್ಲವನ್ನೂ ಯಂತ್ರಕ್ಕೆ ಹೇಳಿದೆ. ಕೊನೆಗೆ ನನ್ನ ಸೌಜನ್ಯಕ್ಕೆ ನಾನೇ ಗದ್ಗದಿತಳಾಗಿ, ಹೆಂಗಸರಿಗೆ ಕಡ್ಡಾಯವಾಗಿ ಹಗಲು ಪಾಳಿಯನ್ನೇ ಕೊಡು ಎಂದೆ. ಅದು ಕಣ್ಣು ಮಿಟುಕಿಸುವುದರೊಳಗೆ ಪಾಳಿ ಹಚ್ಚಿಕೊಟ್ಟದ್ದಲ್ಲದೆ, ನಿಮ್ಮದು ಸಂವೇದನಾಶೀಲ ನಾಯಕತ್ವ ಎಂದು ಪ್ರಶಸ್ತಿಯನ್ನೂ ದಯಪಾಲಿಸಿತು.

ಮರುದಿನ ಬೆಳಿಗ್ಗೆ ಸಭೆ. ಈಗ ಪಡಸಾಲೆಯ ಕುರ್ಚಿಯಲ್ಲಿ ನಾನು, ಒಳಗೆ ಚಹಾದ ಮುಂದೆ ಮನೆಯವರು. ಪಾಳಿಯನ್ನು ಹೈಸ್ಕೂಲಿನ ಸ್ಪಷ್ಟ ಉಚ್ಚಾರದಲ್ಲಿ ಓದಿದೆ. ಇದನ್ನು ಮನುಷ್ಯರಾರೂ ಮಾಡಿಲ್ಲ, ಯಂತ್ರ ಮಾಡಿದೆ, ಆದ್ದರಿಂದ ಪಕ್ಷಪಾತದ ಪ್ರಶ್ನೆಯೇ ಇಲ್ಲ ಎಂದು ಒತ್ತಿ ಹೇಳಿದೆ. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಪ್ರತಿ ವರ್ಷ ಮೇಜು ಗುದ್ದುತ್ತಿದ್ದವರು ಕೂಡ ನೆಲ ನೋಡುತ್ತ ಕುಳಿತಿದ್ದರು. ನನ್ನ ಹಿಗ್ಗು ಪಡಸಾಲೆಯಲ್ಲಿ ಹಿಡಿಸದಂತಾಯಿತು. ಮಾವನವರ ಕಾಲದಲ್ಲಿ ಮಧ್ಯಾಹ್ನದವರೆಗೆ ಎಳೆಯುತ್ತಿದ್ದ ಸಭೆಯನ್ನು ಚಹಾ ಆರುವಷ್ಟರಲ್ಲಿ ಮುಗಿಸಿದೆನಲ್ಲ ಎಂದು ಬೀಗುತ್ತ ಕಪ್ಪುಗಳ ಕಡೆ ನೋಡಿದೆ.

ಚಹಾ ಆರಿತ್ತು. ಎಲ್ಲರ ಮುಂದೆಯೂ ಆರಿತ್ತು. ಒಂದೆರಡು ಕಪ್ಪಲ್ಲ, ಪಡಸಾಲೆ ತುಂಬ ಕೆನೆಗಟ್ಟಿದ ಕಪ್ಪುಗಳು. ಮನೆಯವರು ಸಕ್ಕರೆ ಮರೆತರೋ ಏನೋ ಎಂಬ ಆಸೆಯಿಂದ ನನ್ನ ಕಪ್ಪಿನದನ್ನು ಬಶಿಗೆ ಸುರಿದು ಗುಟುಕರಿಸಿದೆ; ದುರದೃಷ್ಟವಶಾತ್ ಚಹಾ ಸೊಗಸಾಗಿತ್ತು. ಅಷ್ಟರಲ್ಲಿ ಬಾಳಗೌಡ ಕಾಕಾ ಕೋಲೂರಿ ಎದ್ದರು. ಊರಿನ ಹಿರಿಯ ಜಗಳಗಂಟರು ಅವರು; ಮಾವನವರ ಜೊತೆ ಜಗಳವಾಡದೆ ಅವರಿಗೆ ಊಟ ಸೇರುತ್ತಿರಲಿಲ್ಲ.

“ಕಾಕಾ, ಚಾ ಹಂಗ ಬಿಟ್ಟ ಹೊಂಟ್ರೆಲ್ಲಾ? ಪಾಳಿ ಮನಸ್ಸಿಗೆ ಬರಲಿಲ್ಲೇನ್ರಿ?” ಎಂದೆ.

“ಮನಸ್ಸಿಗೆ ಬರಲಿಲ್ಲಂದ್ರ ಯಾರ ಕೂಡ ಜಗಳಾ ತಗೀಲ್ರಿ, ಬಾಯಾರ? ನಿಮ್ಮ ಮಾವ ಇದ್ದಾಗ ಅಂವನ ಕೂಡ ತಗೀತಿದ್ದೆ. ಮಷೀನಿಗೆ ಏನಂತ ಬೈಲಿ? ಅದಕ್ಕೇನ ಮಾರಿ ಐತೋ, ಮನಸೈತೋ.”

ಆ ಮುದುಕರು ನಗುತ್ತಲೇ ಹೇಳಿದರು, ನಾನು ಮಾತ್ರ ಕೈಯಲ್ಲಿದ್ದ ಬಶಿಯನ್ನು ಕೆಳಗಿಟ್ಟೆ. ಇಷ್ಟು ಹೊತ್ತು ನಾನು ಸಮ್ಮತಿ ಎಂದು ಸಂಭ್ರಮಿಸಿದ್ದು ಇದನ್ನೇ? ಜಗಳವಿಲ್ಲದ ಪಾಳಿಯನ್ನು ಸಾಧಿಸಲು ಹೋಗಿ ಜಗಳವಾಡುವುದಕ್ಕೆ ಒಬ್ಬ ಮನುಷ್ಯನೂ ಇಲ್ಲದ ಹಾಗೆ ಮಾಡಿದ್ದೆ. ಯಂತ್ರದ ತಪ್ಪೇನೂ ಇರಲಿಲ್ಲ. ನಾನು ಹೇಳಿದ್ದಷ್ಟೇ ಅದಕ್ಕೆ ಗೊತ್ತು. ನಾನಾದರೋ ಯಾರನ್ನೂ ಕೇಳದೆ ಎಲ್ಲರ ಪರವಾಗಿ ಹೇಳಿಬಿಟ್ಟಿದ್ದೆ. ಹೀಗೆ ಯೋಚಿಸುತ್ತಿರುವಾಗಲೇ ನನ್ನ ಕಾಲುಗಳು ತಾವಾಗಿ ಕುರ್ಚಿಯಿಂದಿಳಿದು ಕಂಬದ ಹತ್ತಿರ ಹೋಗಿ ಶೇವಂತಾಳ ಮಗ್ಗುಲಲ್ಲಿ ಚಾಪೆಯ ಮೇಲೆ ಕೂತವು.

ಶೇವಂತಾ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನಮ್ಮ ಹೊಲದ ಕೆಳಗಿನ ತುಂಡು ಅವಳದು. ಗಂಡ ತೀರಿದ ಮೇಲೆ ಒಬ್ಬಳೇ ಉತ್ತು ಬಿತ್ತು ಮಾಡುತ್ತಾಳೆ. ಹಗಲು ಪಾಳಿ ಕೊಟ್ಟೆನೆಂದು ನಾನು ಗದ್ಗದಿತಳಾದದ್ದು ಇವಳ ಸಲುವಾಗಿಯೇ. ಅವಳ ಕಪ್ಪಿನ ಕೆನೆಯೇ ಎಲ್ಲರದಕ್ಕಿಂತ ದಪ್ಪಗಿತ್ತು.

“ಹೇಳ ಶೇವಂತಾ, ನಿನಗ ಯಾವ ಪಾಳಿ ಬೇಕು?”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಒಡ್ಡು ಒಡೆದಂತೆ ಮಾತು ಬಂತು.

“ಹಗಲ ಹೊತ್ತು ನಾ ಸಾಲ್ಯಾಗ ಅಡಗಿ ಮಾಡತೇನ್ರಿ. ಇಷ್ಟ ದಿನಾ ನಸಿಕಿನ್ಯಾಗ ನೀರ ಹಾಯಿಸಿ, ಮನಿಗಿ ಬಂದು ಜಳಕಾ ಮಾಡಿ ಸಾಲಿಗಿ ಹೋಗತಿದ್ದೆ. ಈಗ ಹಗಲ ಕೊಟ್ರಿ. ಅಡಗಿ ಬಿಟ್ಟ ಬಂದ್ರ ಕೆಲಸ ಹೋಗತೈತಿ, ಪಾಳಿ ಬಿಟ್ರ ಈಗ ನೆಟ್ಟ ಕಬ್ಬ ಒಣಗತೈತಿ. ಯಾವದ ಬಿಡ್ಲಿ ಅನ್ನೂದನ್ನೂ ನಿಮ್ಮ ಫೋನಿಗೇ ಕೇಳ್ರಿ.”

ನನ್ನ ಕಿವಿ ಕಾದು ಕೆಂಪಾದವು. “ಪಾಳಿ ಇನ್ನೂ ಪಕ್ಕಾ ಆಗಿಲ್ಲ” ಎಂದು ಘೋಷಿಸಿದ್ದೇ ತಡ, ಎಲ್ಲರ ಬಾಯಿಗೂ ಒಮ್ಮೆಲೇ ಜೀವ ಬಂತು. ಬಾಳಗೌಡ ಕಾಕಾನ ಎರಡೂ ತುಂಡು ಹೊಲಕ್ಕೆ ನಸುಕಿನ ಪಾಳಿ ಬಂದಿತ್ತು. ಕಣ್ಣಿಗೆ ಪೊರೆ ಬಂದ ಆ ಮನುಷ್ಯನಿಗೆ ಸೂರ್ಯ ಹುಟ್ಟುವ ಮುನ್ನ ಕೋಲೂ ಕಾಣದು, ಹಾವೂ ಕಾಣದು. ಅದನ್ನವರು ಈಗ ಮೇಜು ಗುದ್ದಿ ಹೇಳಿದರು. ಅವರ ಗುದ್ದಿಗೆ ಇನ್ನೊಬ್ಬರ ಗುದ್ದು, ಕನ್ನಡಕ್ಕೆ ಮರಾಠಿಯ ಜವಾಬು, ನಡುನಡುವೆ ಕೆನೆ ಬದಿಗೆ ಸರಿಸಿ ತಣ್ಣನೆಯ ಚಹಾವನ್ನೇ ಸೊರ್ರೆಂದು ಹೀರುವ ಸದ್ದು. ಆಹಾ! ಒಳಗಿಂದ ಓಡಿ ಬಂದ ಮನೆಯವರು ಹೊಡೆದಾಟವೆಂದು ಗಾಬರಿಯಾದರು. ನಾನು ಸ್ವರ್ಗದಲ್ಲಿದ್ದೆ. ಯಾರು ಏನು ಹೇಳಿದರೂ ಅದನ್ನು ಫೋನಿಗೆ ಹೇಳುತ್ತ ಹೋದೆ. ಅದು ಬೇಸರವಿಲ್ಲದೆ ಪ್ರತಿ ಜಗಳಕ್ಕೂ ಒಂದು ಹೊಸ ಪಾಳಿ ಹಚ್ಚಿಕೊಡುತ್ತ ಬಂತು. ಇಂಥ ಸಹನಶೀಲ ಕಾರ್ಯದರ್ಶಿ ನಮ್ಮ ಸಂಘಕ್ಕೆ ಹಿಂದೆಂದೂ ಸಿಕ್ಕಿರಲಿಲ್ಲ. ಕಾಕಾನ ಒಂದು ನಸುಕಿನ ಪಾಳಿ ಶೇವಂತಾಳಿಗೆ ಹೋಗಿ, ಅವಳ ಹಗಲು ಕಾಕಾನಿಗೆ ಬಂತು. ಇನ್ನೊಂದಕ್ಕೆ ಯಾರೂ ಮುಂದೆ ಬರಲೊಲ್ಲರು.

ಆಗ, ಆ ದಿನದವರೆಗೆ ಸಭೆಯಲ್ಲಿ ಎಂದೂ ದನಿಯೆತ್ತಿರದ ಶೇವಂತಾ ಎದ್ದು ನಿಂತು ಕೇಳಿದಳು: “ಬಾಯಾರ, ಹೆಂಗಸರಿಗೆಲ್ಲಾ ಹಗಲ ಪಾಳಿ ಅಂದ್ರೆಲ್ಲಾ. ಈ ಸಂಘದಾಗ ನಾವ ಹೆಂಗಸರ ಎಷ್ಟ ಮಂದಿ ಅದೇವ್ರಿ? ನಾನೊಬ್ಬಾಕಿ, ನೀವೊಬ್ಬರು.”

ಮೊದಲು ನಕ್ಕವರು ಬಾಳಗೌಡ ಕಾಕಾ. ಆಮೇಲೆ ಪಡಸಾಲೆಯೇ ನಕ್ಕಿತು. ದೇವರಾಣೆಗೂ ನನಗದು ಹೊಳೆದಿರಲಿಲ್ಲ. ಪಕ್ಷಪಾತದ ಪ್ರಶ್ನೆಯೇ ಇಲ್ಲ ಎಂದು ಹೈಸ್ಕೂಲಿನ ಉಚ್ಚಾರದಲ್ಲಿ ಸಾರಿದ ಅಧ್ಯಕ್ಷೆಯ ಹೊಲಕ್ಕೆ, ಆಕೆ ಹೆಂಗಸೆಂಬ ಒಂದೇ ಕಾರಣದಿಂದ, ಇಡೀ ಊರು ಆಸೆಪಡುವ ಎಳೆಬಿಸಿಲಿನ ಪಾಳಿ ಬಂದಿತ್ತು! ಜಾಣಯಂತ್ರವಾದರೋ ಸೌಜನ್ಯದಿಂದ ಅದನ್ನು ಎತ್ತಿ ತೋರಿಸಿರಲಿಲ್ಲ. ನಾಚಿಕೆಯಾಯಿತು, ನಗುವೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯರ ಮುಖ ಹೇಗಿರುತ್ತದೆಯೋ ಹಾಗಿತ್ತು ನನ್ನ ಮುಖ. ನನ್ನ ಪಾಳಿಯನ್ನು ಕಾಕಾನಿಗೆ ಕೊಟ್ಟು, ಅವರ ಉಳಿದ ನಸುಕಿನ ಪಾಳಿಯನ್ನು ನಾನು ತೆಗೆದುಕೊಂಡೆ.

ಮನೆಯವರು ತಾವು ಹೋಗುವುದಾಗಿ ಎಷ್ಟು ಹೇಳಿದರೂ ಕೇಳದೆ ಮೊದಲ ಪಾಳಿಗೆ ನಾನೇ ಹೋದೆ. ಮೂಡಣ ಬೆಳ್ಳಗಾಗುತ್ತಿತ್ತು. ಶೇವಂತಾ ತನ್ನ ಎಳೆಯ ಕಬ್ಬಿಗೆ ಹಿತಮಿತವಾಗಿ ನೀರುಣಿಸಿ, ಪಾಳಿಯನ್ನು ನನ್ನ ಕಡೆ ತಿರುಗಿಸಿ, ಕಾಲು ತೊಳೆದುಕೊಂಡು ಶಾಲೆಗೆ ಹೊರಡುವುದರಲ್ಲಿದ್ದಳು. ನೀರು ನನ್ನ ಕಬ್ಬಿನ ಸಾಲುಗಳಲ್ಲಿ ಗುಳುಗುಳು ಹರಿದು ಬರುವುದನ್ನು ನೋಡುತ್ತ ನಾನು ಮೈಮರೆತು ನಿಂತೆ; ಅಷ್ಟು ಚೆಂದದ ನೀರನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ನೋಡುತ್ತಿದ್ದ ಹಾಗೆಯೇ ಕೆಳಗಿನ ಒಡ್ಡು ಕುಸಿದು ನೀರು ಅವಳ ಹೊಲದ ಕಡೆ ನುಗ್ಗತೊಡಗಿತು. ಈಗಷ್ಟೇ ನೀರುಂಡ ಎಳೆಗಬ್ಬು. ಮತ್ತೆ ನೀರು ನಿಂತರೆ ಕೊಳೆಯುತ್ತದೆಂಬುದು ನನಗೂ ಗೊತ್ತಿತ್ತು.

“ಶೇವಂತಾ! ಈಗೇನ್ ಮಾಡೂಣ?” ಎಂದು ಫೋನು ಹಿಡಿದ ಕೈಯೆತ್ತಿ ಕಿರುಚಿದೆ.

ಆಗಲೇ ಸೀರೆ ಎತ್ತಿಕಟ್ಟಿ ಕೆಸರಿಗಿಳಿದಿದ್ದ ಶೇವಂತಾ ಬಗ್ಗಿದಲ್ಲಿಂದಲೇ ನಕ್ಕಳು. “ಕೇಳಿದ್ರೆಲ್ಲಾ ಬಾಯಾರ, ಅಷ್ಟ ಸಾಕ. ಇನ್ನ ಫೋನ್ ಅಲ್ಲೇ ದಂಡಿ ಮ್ಯಾಲ ಇಟ್ಟು ಸಲಿಕಿ ತೊಗೊಂಡ ಲಗೂನ ಬರ್ರಿ!”